1946ರಲ್ಲಿ ಎನ್‌ಎಫ್‌ಎಲ್ ಮತ್ತೆ ಕಪ್ಪು ಆಟಗಾರರನ್ನು ಸೇರಿಸಿಕೊಂಡದ್ದು ಏಕೆ?
ಮನಸ್ಸು ಬದಲಾಗಿ ಅಲ್ಲ, ಮೈದಾನ ಬೇಕಾಗಿತ್ತು, ಅದಕ್ಕೆ. ಅಮೆರಿಕದ ಈ ವೃತ್ತಿಪರ ಫುಟ್‌ಬಾಲ್ ಲೀಗ್‌ನಲ್ಲಿ 1934ರಿಂದ 1945ರವರೆಗೆ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಬರೆದಿಟ್ಟ ನಿಯಮವೇನೂ ಇರಲಿಲ್ಲ. ಮಾಲೀಕರು ಯಾರನ್ನೂ ತೆಗೆದುಕೊಳ್ಳುತ್ತಿರಲಿಲ್ಲ, ಅಷ್ಟೇ.

1946ರಲ್ಲಿ ರ‍್ಯಾಮ್ಸ್ ತಂಡ ಕ್ಲೀವ್‌ಲ್ಯಾಂಡ್ ಬಿಟ್ಟು ಲಾಸ್ ಏಂಜಲೀಸ್‌ಗೆ ಬಂತು. ಅದರ ಕಣ್ಣಿದ್ದದ್ದು ಕೊಲಿಸಿಯಂ ಸ್ಟೇಡಿಯಂ ಮೇಲೆ. ಅದು ಸಾರ್ವಜನಿಕ ಆಸ್ತಿ. ಕಪ್ಪು ಜನರೂ ತೆರಿಗೆ ಕಟ್ಟುತ್ತಾರೆ ಅಲ್ವಾ? ಹ್ಯಾಲಿ ಹಾರ್ಡಿಂಗ್‌ರಂಥ ಪತ್ರಕರ್ತರು ಇದನ್ನೇ ಹಿಡಿದು ಪಟ್ಟು ಹಾಕಿದರು. ರ‍್ಯಾಮ್ಸ್ ಬಗ್ಗಿತು. ಯುಸಿಎಲ್‌ಎ ಕಾಲೇಜು ತಂಡದ ಹಳೆಯ ತಾರೆ ಕೆನ್ನಿ ವಾಷಿಂಗ್ಟನ್, ಆಮೇಲೆ ವುಡಿ ಸ್ಟ್ರೋಡ್ ತಂಡಕ್ಕೆ ಬಂದರು. ಬೇಸರದ ಸಂಗತಿಯೆಂದರೆ ಅಷ್ಟರಲ್ಲಿ ವಾಷಿಂಗ್ಟನ್ ಮೊಣಕಾಲು ಕೆಟ್ಟಿತ್ತು. ಮೂರೇ ಸೀಸನ್ ಆಡಿ 1948ರಲ್ಲಿ ನಿಲ್ಲಿಸಿದರು.