ನಿಮ್ಮ ವ್ಯಾಂಪೈರ್ ಬಾಗಲಕೋಟೆಯವನೇ ಅಲ್ವಾ?

ಗೆಳೆಯರೇ,

‘ಕತ್ತಲೆಯ ಕರೆ’ಯನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ನಮ್ಮ ಪತ್ರಿಕೆಯಲ್ಲಿ ಹಾಕೋಕೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡೋದು ಒಳ್ಳೆಯದು, ಇಲ್ಲಾಂದ್ರೆ ನೀವು ಸೀದಾ ಕೊನೆಯ ಸಾಲಿಗೆ ಹೋಗಿ ನೋಡುತ್ತೀರಿ. ಆದರೆ ‘ವಿಷಾದದಿಂದ ಹಿಂತಿರುಗಿಸಲಾಗಿದೆ’ ಅಂತ ಚೀಟಿ ಹಚ್ಚಿ ಕಳಿಸುವ ಬರಹವೂ ಇದಲ್ಲ. ಅಂಕಣದಲ್ಲೇ ಉತ್ತರ ಕೊಡಿ, ಹೆಸರು ಮಾತ್ರ ಬೇಡ ಅಂದಿದ್ದೀರಿ. ಹಾಗೇ ಮಾಡಿದ್ದೇನೆ.

ಉಳಿದ ಓದುಗರಿಗೆ ವಿಷಯ ಗೊತ್ತಿರಲಿ. ಇದು ಆತ್ಮಕಥನ. ಬಾಗಲಕೋಟೆ ನವನಗರದ ಹುಡುಗನೊಬ್ಬ ಡಿಗ್ರಿ ಓದೋಕೆ ಬೆಳಗಾವಿಗೆ ಬರುತ್ತಾನೆ. ಹಳೇ ಪುಸ್ತಕಗಳ ರಾಶಿಯಲ್ಲಿ ರಟ್ಟು ಹರಿದ ಇಂಗ್ಲಿಷ್ ಕಾದಂಬರಿಯೊಂದು ಸಿಗುತ್ತದೆ. ಅದರ ಬೆನ್ನು ಹತ್ತಿ ಗೋಥಿಕ್ ಹಾಡುಗಳು, ಅಂದರೆ ಸಾವು, ಕತ್ತಲೆಯ ಗುಂಗಿನ ರಾಕ್ ಹಾಡುಗಳು ಬರುತ್ತವೆ. ಆಮೇಲೆ ಧ್ಯಾನ, ಕನ್ನಡಿ, ಕಪ್ಪು ಮೇಣದಬತ್ತಿ, ಅಮಾವಾಸ್ಯೆಯ ಸ್ಮಶಾನ. ಕೊನೆಗೆ ತಾನು ಹುಟ್ಟಿದಾಗಿನಿಂದಲೂ ವ್ಯಾಂಪೈರ್ (ಪಶ್ಚಿಮದ ಕಥೆಗಳಲ್ಲಿ ರಾತ್ರಿ ಬಂದು ರಕ್ತ ಹೀರುವ ದೆವ್ವ), ಇನ್ನೊಬ್ಬರ ಶಕ್ತಿ ಹೀರದೆ ಬದುಕಲಾರದ ಆತ್ಮ ಅಂತ ಅವನಿಗೆ ಖಾತ್ರಿಯಾಗುತ್ತದೆ.

ನೀವು ವ್ಯಾಂಪೈರ್ ಹೌದೋ ಅಲ್ಲವೋ ಅನ್ನೋ ಪಂಚಾಯ್ತಿಗೆ ನಾನು ಕೂರುವುದಿಲ್ಲ. ಮೈಯಲ್ಲಿ ದೇವರು ಬರುವವರ ಅನುಭವಗಳನ್ನು ನಾವು ಅಚ್ಚು ಹಾಕಿದ್ದೇವೆ. ಅವರನ್ನೂ ಸಾಕ್ಷಿ ಕೇಳಿಲ್ಲ. ನನ್ನ ತಕರಾರು ಬೇರೆ. ನೀವು ಪುಸ್ತಕದಿಂದ ಬಂದವರು, ಆದರೆ ಅದನ್ನು ಹೇಳಿಕೊಳ್ಳೋಕೆ ನಾಚಿಕೊಂಡಿದ್ದೀರಿ. ಎರಡನೇ ಪುಟದಲ್ಲೇ ‘ಸಾವಿರಾರು ವರ್ಷಗಳ ಗುಪ್ತ ಪರಂಪರೆಯ ಕೊನೆಯ ಕೊಂಡಿ ನಾನು’ ಅಂತ ಬರೆದುಬಿಟ್ಟಿರಿ. ಅಲ್ಲಿಂದ ಮುಂದೆ ನಿಮ್ಮ ಮೇಲಿನ ನಂಬಿಕೆ ಸಡಿಲಾಗುತ್ತದೆ.

ಆ ಪರಂಪರೆಯ ವಯಸ್ಸು ನೋಡೋಣ. ಕರೀ ಕೋಟಿನ, ಬಿಳಿಚಿಕೊಂಡ ಮುಖದ, ಸಾಹುಕಾರ ವ್ಯಾಂಪೈರ್ ಹುಟ್ಟಿದ್ದು 1819ರಲ್ಲಿ, ಜಾನ್ ಪಾಲಿಡೋರಿ ಅನ್ನೋ ಯುವ ಡಾಕ್ಟರ್ ಬರೆದ ಕಥೆಯಲ್ಲಿ. ಆತ ಕವಿ ಬೈರನ್‌ನ ವೈದ್ಯ. ಕಥೆ ಅಚ್ಚಾದಾಗ ಮೇಲೆ ಇದ್ದದ್ದು ಬೈರನ್ ಹೆಸರು, ಪಾಪ. ಡ್ರಾಕುಲಾ ಅನ್ನೋ ವ್ಯಾಂಪೈರ್‌ನ ಕಾದಂಬರಿ ಬಂದದ್ದು 1897ರಲ್ಲಿ. ‘ಪುರಾತನ ಗ್ರಂಥಗಳಲ್ಲಿ ಹೇಳಿರುವಂತೆ ಸೂರ್ಯನ ಬೆಳಕು ನಮ್ಮನ್ನು ಸುಡುತ್ತದೆ’ ಅಂದಿದ್ದೀರಿ. ಯಾವ ಗ್ರಂಥ? ಡ್ರಾಕುಲಾ ಹಗಲು ಹೊತ್ತಿನಲ್ಲೇ ಲಂಡನ್ ಬೀದಿಯಲ್ಲಿ ಓಡಾಡುತ್ತಾನೆ, ಶಕ್ತಿ ಒಂಚೂರು ಕಮ್ಮಿ ಇರುತ್ತದೆ ಅಷ್ಟೇ. ಬಿಸಿಲಿಗೆ ವ್ಯಾಂಪೈರ್ ಸಾಯೋದು ಶುರುವಾದದ್ದು 1922ರ ಜರ್ಮನ್ ಮೂಕಿ ಚಿತ್ರದಿಂದ. ನಿಮ್ಮ ಆ ಪುರಾತನ ಶಾಪಕ್ಕೆ ಇನ್ನೂ ನೂರು ವರ್ಷ ತುಂಬಿದ್ದೇ ಮೊನ್ನೆ ಮೊನ್ನೆ.

ಮುಂದಿನದೂ ಹಾಗೇ. ಗೋಥಿಕ್ ಸಂಗೀತದ ಮೊದಲ ಹಾಡು ಅಂತ ಎಷ್ಟೋ ಜನ ಹೇಳುವ, ನೀವೂ ಹೆಸರಿಸಿರುವ ಆ ಒಂಬತ್ತು ನಿಮಿಷ ದಾಟುವ ಹಾಡು ಬಂದದ್ದು 1979ರಲ್ಲಿ. ಜನ ಒಟ್ಟಿಗೆ ಕೂತು ವ್ಯಾಂಪೈರ್ ಪಾತ್ರ ವಹಿಸಿ ಆಡುವ ಆಟ, ಕುಲಗಳು, ಹಿರಿಯರು, ಕಟ್ಟಳೆಗಳನ್ನೆಲ್ಲ ಜನಪ್ರಿಯ ಮಾಡಿದ ಆಟ, 1991ರದ್ದು. ತಮ್ಮನ್ನು ತಾವೇ ವ್ಯಾಂಪೈರ್ ಅಂತ ಕರೆದುಕೊಳ್ಳುವ ಗುಂಪುಗಳು ಅಮೆರಿಕ, ಯುರೋಪಿನ ನಗರಗಳಲ್ಲಿ ಗಟ್ಟಿಯಾದದ್ದೂ ಹೆಚ್ಚುಕಮ್ಮಿ ಇದೇ ಕಾಲದಲ್ಲಿ. ಅವರಲ್ಲಿ ರಕ್ತವೇ ಬೇಕು ಅನ್ನುವವರು ಕೆಲವರು, ನಿಮ್ಮ ಹಾಗೆ ಪ್ರಾಣಶಕ್ತಿ ಸಾಕು ಅನ್ನುವವರು ಕೆಲವರು. ಅಂದರೆ ಕಾದಂಬರಿ, ಹಾಡು, ಆಟ ಸೇರಿ ಒಂದು ನಂಬಿಕೆ ಹುಟ್ಟಿತು, ಕೆಲವರ ಪಾಲಿಗೆ ಅದೇ ಧರ್ಮವೂ ಆಯಿತು. ಇದು ಎಷ್ಟು ದೊಡ್ಡ ವಿಷಯ! ಓದಿದ ಕಥೆಯನ್ನು ಮೈಗೆ ತಗೊಂಡ ಹುಡುಗನೊಬ್ಬ ನನ್ನ ಮುಂದೆ ಕೂತಿದ್ದಾನೆ, ಅವನೇ ಅದನ್ನು ಮುಚ್ಚಿಟ್ಟು ಸುಳ್ಳು ವಂಶಾವಳಿ ತೋರಿಸುತ್ತಿದ್ದಾನೆ.

ಇನ್ನೊಂದು. ಆ ಗುಂಪುಗಳಲ್ಲಿ ‘ಅವೇಕನಿಂಗ್’ ಕಥೆಗಳು ಅಂತ ಇರುತ್ತವೆ, ‘ನಾನು ಯಾರು ಅಂತ ನನಗೆ ಗೊತ್ತಾದ ದಿನ’ದ ಕಥೆಗಳು. ಬಹಳಷ್ಟಕ್ಕೆ ಒಂದೇ ಅಚ್ಚು. ಚಿಕ್ಕಂದಿನಿಂದ ಒಂಟಿ, ರಾತ್ರಿ ನಿದ್ದೆ ಬಾರದು, ಜನರ ನಡುವೆ ಏನೋ ಹಸಿವು, ಒಂದು ಪುಸ್ತಕ, ಒಂದು ಕನಸು, ‘ಓ, ಇದೇ ನಾನು’. ನಿಮ್ಮ ಮೊದಲ ಐದು ಪುಟ ಈ ಅಚ್ಚಿನಿಂದ ಒಂದು ಕೂದಲೆಳೆಯಷ್ಟೂ ಆಚೀಚೆ ಸರಿದಿಲ್ಲ. ಬಾಗಲಕೋಟೆ ಅನ್ನೋ ಹೆಸರು ಅಳಿಸಿ ಬರ್ಮಿಂಗ್‌ಹ್ಯಾಮ್ ಅಂತ ಹಾಕಿದರೂ ನಡೆಯುತ್ತದೆ.

ನಡೆಯಬಾರದು. ನೀವು ಎಂಥ ಊರಿನವರು ಅಂತ ಒಂದು ಸಲ ಯೋಚಿಸಿದ್ದೀರಾ? ಆಲಮಟ್ಟಿ ಹಿನ್ನೀರು ಬಂದು ಊರಿನ ಒಂದು ಭಾಗ ಮುಳುಗಡೆಯಾಗಿ, ಮನೆ ಕಳೆದುಕೊಂಡವರು ಸೆಕ್ಟರ್ ನಂಬರಿನ ಮನೆಗಳಿಗೆ ಬಂದ ಊರು. ನಿಮ್ಮ ಅಜ್ಜನ ಓಣಿ ನೀರಿಗೆ ಹೋಯಿತು ಅಂತ ಒಂದು ಸಾಲು ಬರೆದಿದ್ದೀರಿ, ಮರು ಸಾಲಿಗೇ ಲಂಡನ್ನಿನ ಮಂಜು! ನೀವು ಲಂಡನ್ ನೋಡಿಲ್ಲ, ಮಂಜನ್ನೂ ಸರಿಯಾಗಿ ನೋಡಿರಲಿಕ್ಕಿಲ್ಲ. ಏಪ್ರಿಲ್‌ನಲ್ಲಿ ಬಾಗಲಕೋಟೆ ಬಿಸಿಲಿಗೆ ನೆತ್ತಿ ಸೀಳುವಾಗ ‘ನಾನು ಬಿಸಿಲಿಗೆ ಆಗದವನು’ ಅಂತ ಒಬ್ಬ ಹುಡುಗ ಹೇಳಿದರೆ ಮನೆಯಲ್ಲಿ ನಗುತ್ತಾರಾ, ಬಯ್ಯುತ್ತಾರಾ, ಮಜ್ಜಿಗೆ ಕೊಡುತ್ತಾರಾ? ನನಗೆ ಅದು ಬೇಕು.

ಸ್ಮಶಾನದ ಅಧ್ಯಾಯಕ್ಕೆ ಬರೋಣ. ‘ಮನುಷ್ಯಮಾತ್ರದವರು ರಾತ್ರಿ ಕಾಲಿಡದ ಭೂಮಿ’ ಅಂತ ಬೆಳಗಾವಿಯ ಸದಾಶಿವನಗರದ ಸ್ಮಶಾನವನ್ನು ಕರೆದಿದ್ದೀರಿ. ಅಲ್ರೀ, ಮೌಢ್ಯ ಬಿಡಿಸಬೇಕು ಅಂತ ಸತೀಶ ಜಾರಕಿಹೊಳಿಯವರೂ ಮಾನವ ಬಂಧುತ್ವ ವೇದಿಕೆಯವರೂ ಡಿಸೆಂಬರ್ 6ಕ್ಕೆ ಅದೇ ಸ್ಮಶಾನದಲ್ಲಿ ಪೆಂಡಾಲ್ ಹಾಕಿ, ಭಾಷಣ ಮಾಡಿ, ಹಾಡು ಹೇಳಿ, ಊಟ ಮಾಡಿ, ರಾತ್ರಿ ಅಲ್ಲೇ ತಂಗಿದ್ದು ಊರಿಗೆಲ್ಲ ಗೊತ್ತು. ಸ್ಥಳೀಯ ಓದುಗ ನಿಮ್ಮ ಸಾಲು ಓದಿ ಫಕ್ಕನೆ ನಗುತ್ತಾನೆ. ಅಮಾವಾಸ್ಯೆಯ ಕಥೆಯೂ ಅದೇ. ‘ಅಂದು ಊರೇ ಬಾಗಿಲು ಹಾಕಿಕೊಂಡಿತ್ತು’ ಅಂತೀರಿ. ನಮ್ಮ ಕಡೆ ಅಮಾವಾಸ್ಯೆಗೆ ಗುಡಿಗಳಿಗೆ ಹೋಗುವ ಬಸ್ಸುಗಳಲ್ಲಿ ನಿಲ್ಲೋಕೆ ಜಾಗ ಇರೋದಿಲ್ಲ, ಓಣಿ ಓಣಿಯಲ್ಲಿ ಭಜನೆ. ಎಳ್ಳಮಾವಾಸ್ಯೆಗಂತೂ ಹೊಲದಲ್ಲಿ ಚರಗ ಚೆಲ್ಲಿ ಹೊಟ್ಟೆ ಬಿರಿಯೆ ಉಣ್ಣುತ್ತೇವೆ. ಇಂಥ ಊರಲ್ಲಿ ಒಬ್ಬ ಹುಡುಗ ಇಯರ್‌ಫೋನ್ ಹಾಕಿಕೊಂಡು ಸಾವಿನ ಹಾಡು ಕೇಳುತ್ತಾ ಸ್ಮಶಾನಕ್ಕೆ ಹೊರಟಿದ್ದಾನೆ, ಎದುರಿಗೆ ತಾಳ ಹಿಡಿದುಕೊಂಡು ಭಜನೆಯವರು ಬರುತ್ತಿದ್ದಾರೆ. ನಿಮ್ಮ ಒಂಟಿತನ ಕಾಣೋದು ಅಲ್ಲಿ. ಕೇಳಿದ ಬ್ಯಾಂಡುಗಳ ಪಟ್ಟಿ ಒಂದೂವರೆ ಪುಟ ಕೊಟ್ಟಿದ್ದೀರಲ್ಲ, ಅದನ್ನು ಕಿತ್ತು ಹಾಕಿ ಆ ರಸ್ತೆಯನ್ನು ಬರೆಯಿರಿ.

‘ನಮ್ಮ ನೆಲದಲ್ಲಿ ಈ ಗುಪ್ತವಿದ್ಯೆಗೆ ಬೇರು ಇಲ್ಲ, ಅದಕ್ಕೇ ಪಶ್ಚಿಮಕ್ಕೆ ಮುಖ ಮಾಡಿದೆ’ ಅಂತಲೂ ಒಂದು ಮಾತು ಇದೆ. ನಿಮ್ಮೂರಿಂದ ವಿಜಯಪುರ ಎಷ್ಟು ದೂರ ಸ್ವಾಮಿ? 1570ರ ಸುಮಾರಿಗೆ, ಮೊದಲನೇ ಅಲಿ ಆದಿಲ್‌ಶಾಹನ ಆಸ್ಥಾನದಲ್ಲಿ, ‘ನುಜೂಮ್ ಅಲ್ ಉಲೂಮ್’ ಅಂತ ಒಂದು ಫಾರಸಿ ಗ್ರಂಥ ತಯಾರಾಯಿತು. ನಕ್ಷತ್ರ, ತಾಯಿತ, ಮಂತ್ರ, ವಶ ಮಾಡಿಕೊಳ್ಳಬೇಕಾದ ಶಕ್ತಿದೇವತೆಗಳು, ಜೊತೆಗೆ ಆನೆ, ಕುದುರೆ, ಆಯುಧ. ಎಲ್ಲಕ್ಕೂ ಬಣ್ಣದ ಚಿತ್ರ, ನೂರಾರು. ಆ ಹಸ್ತಪ್ರತಿ ಈಗ ಇರೋದು ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿ. ಡ್ರಾಕುಲಾ ಬರೆದ ಬ್ರಾಮ್ ಸ್ಟೋಕರ್ 1847ರಲ್ಲಿ ಹುಟ್ಟಿದ್ದೂ ಡಬ್ಲಿನ್ನಿನಲ್ಲೇ. ಇದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ, ಸುಮ್ನೆ ಹೇಳಿದೆ. ಆದರೆ ನೀವು ಗೋಳಗುಮ್ಮಟಕ್ಕೆ ಕಾಲೇಜು ಟ್ರಿಪ್ ಹೋಗಿ ಪಿಸುಗುಟ್ಟೋ ಗ್ಯಾಲರಿಯಲ್ಲಿ ಕೂಗಿ ಬಂದಿದ್ದನ್ನು ಬರೆದಿದ್ದೀರಿ, ಆ ಊರಿನ ಸುಲ್ತಾನರು ನಿಮಗಿಂತ ಮುಂಚೆಯೇ ಈ ಕೆಲಸಕ್ಕೆ ಕೈ ಹಾಕಿದ್ದರು ಅನ್ನೋದು ನಿಮಗೆ ಗೊತ್ತಿಲ್ಲ.

ಈಗ ಒಂದು ಹಳೇ ದಾಖಲೆ ಹೇಳುತ್ತೇನೆ. 1725ರಲ್ಲಿ ಸರ್ಬಿಯಾದ ಕಿಸಿಲೋವಾ ಅನ್ನೋ ಹಳ್ಳಿಯಲ್ಲಿ ಪೀಟರ್ ಬ್ಲಾಗೊಯೆವಿಚ್ ಅನ್ನೋ ರೈತ ಸತ್ತ. ಆಮೇಲೆ ಕೆಲವೇ ದಿನಗಳಲ್ಲಿ ಊರಲ್ಲಿ ಒಬ್ಬರ ಹಿಂದೆ ಒಬ್ಬರು ಸತ್ತರು. ಅವನೇ ರಾತ್ರಿ ಬಂದು ಎದೆ ಮೇಲೆ ಕೂತ ಅಂದರು. ಸಮಾಧಿ ತೆಗೆದು ನೋಡಿದರೆ ಹೆಣ ಕೆಟ್ಟಿಲ್ಲ, ಬಾಯಲ್ಲಿ ರಕ್ತ. ಮಣ್ಣಿನಡಿ ಹೆಣ ಉಬ್ಬಿ, ಒಳಗಿನ ದ್ರವ ಬಾಯಿಗೆ ಬರೋದು ಸಹಜ ಅಂತ ಈಗ ವಿವರಣೆ ಇದೆ. ಅವರಿಗೆ ಅದು ಗೊತ್ತಿರಲಿಲ್ಲ, ಎದೆಗೆ ಗೂಟ ಹೊಡೆದು ಸುಟ್ಟರು. ಅಲ್ಲಿಗೆ ಹೋಗಿದ್ದ ಸರ್ಕಾರಿ ಅಧಿಕಾರಿಯ ವರದಿಯಲ್ಲಿ ಒಂದು ಮಾತು ಇದೆ. ಸತ್ತವನು ಹೆಂಡತಿ ಹತ್ತಿರ ಬಂದು ಕೇಳಿದ್ದು ತನ್ನ ಜೋಡು. ಕಾಲಿನ ಜೋಡು! ಆಕೆ ಊರು ಬಿಟ್ಟೇ ಹೋದಳಂತೆ.

ನೋಡಿ, ದಾಖಲೆಗೆ ಸಿಕ್ಕ ಆ ಕಾಲದ ವ್ಯಾಂಪೈರ್ ರೈತ. ಕೋಟೆಯಲ್ಲಿ ಕೂತು ಪಿಯಾನೋ ಕೇಳಲಿಲ್ಲ, ಮನೆಗೆ ಬಂದ. ನಿಮ್ಮ ಹದಿನಾಲ್ಕು ಪುಟದಲ್ಲಿ ಆ ಜೋಡಿನಂಥದು ಒಂದು ಇದೆಯಾ ಅಂತ ಹುಡುಕಿದೆ. ಇದೆ. ಆರನೇ ಪುಟದ ಕೆಳಗೆ, ನೀವೇ ಗಮನಿಸದೆ ಬರೆದಿದ್ದೀರಿ: ‘ಬೆಳಗಿನ ನಾಲ್ಕಕ್ಕೆ ನಾನು ಮಲಗುವ ಹೊತ್ತಿಗೆ ಅವ್ವ ಖಾನಾವಳಿಗೆ ರೊಟ್ಟಿ ಬಡಿಯಲು ಏಳುತ್ತಿದ್ದಳು.’

ಈ ಸಾಲು ಓದಿ ಪೆನ್ ಕೆಳಗಿಟ್ಟೆ. ರಾತ್ರಿಯಿಡೀ ತಾನು ಕತ್ತಲೆಯ ಮಗ ಅಂದುಕೊಳ್ಳುವವನು ಒಬ್ಬ, ಅದೇ ಕತ್ತಲೆಯಲ್ಲಿ ದಿನದ ದುಡಿಮೆ ಶುರು ಮಾಡುವವಳು ಒಬ್ಬಳು. ಇಬ್ಬರೂ ಅಡುಗೆಮನೆ ಬಾಗಿಲಲ್ಲಿ ಎದುರಾದರು. ಆಮೇಲೆ? ನೀವು ಅವ್ವನ ಬಾಯಿಂದ ಇಡೀ ಬರಹದಲ್ಲಿ ಒಂದು ಮಾತೂ ಆಡಿಸಿಲ್ಲ. ಹಂಚು ಕಾಯುವ ಹೊತ್ತು, ಹಿಟ್ಟು ನಾದುವುದು, ಬಡಿಯುವ ಸದ್ದು, ರೊಟ್ಟಿ ಮೇಲೆ ನೀರು ಸವರುವುದು, ಇವೆಲ್ಲ ನಿಮಗೆ ಕಣ್ಣು ಮುಚ್ಚಿದರೂ ಗೊತ್ತು. ಮಂತ್ರ ಹೇಳುವಾಗ ಆ ಸದ್ದು ಗೋಡೆಯಾಚೆಯಿಂದ ಕೇಳಿಸುತ್ತಿತ್ತಾ? ಕರೀ ಅಂಗಿ ಒಗೆದು ಹಾಕಿದ್ದು ಯಾರು? ಇನ್ನೊಂದು ಕೇಳಬೇಕು, ತಪ್ಪು ತಿಳಿಯಬೇಡಿ: ಕಥೆಗಳಲ್ಲಿ ವ್ಯಾಂಪೈರ್‌ಗೆ ಬಳ್ಳೊಳ್ಳಿ ಆಗಿಬರೋದಿಲ್ಲ, ನಿಮ್ಮದು ಖಾನಾವಳಿ ಮನೆ, ಕೆಂಪು ಚಟ್ನಿಗೆ ಅದು ಬೇಕೇ ಬೇಕು. ಸುಲಿಯೋಕೆ ನಿಮ್ಮನ್ನೇ ಕೂರಿಸುತ್ತಿದ್ದರಾ?

ನಗಿಸೋಕೆ ಕೇಳುತ್ತಿಲ್ಲ. ನಕ್ಕರೂ ಪರವಾಗಿಲ್ಲ. ನಿಮ್ಮ ಬರಹದಲ್ಲಿ ಯಾರೂ ನಗೋದಿಲ್ಲ, ಯಾರೂ ಅಡ್ಡ ಬರೋದೂ ಇಲ್ಲ. ನಮ್ಮ ಕಡೆ ‘ದೆವ್ವ ಬಡಕೊಂಡೈತಿ’ ಅನ್ನೋಕೆ ಜನರಿಗೆ ಗೊತ್ತು, ಬಿಡಿಸೋಕೂ ಜನ ಇದ್ದಾರೆ. ದೇವರು ಮೈಯಲ್ಲಿ ಬಂದರೆ ಅರಿಷಿಣ ಹಚ್ಚಿ ಕೈ ಮುಗಿಯುತ್ತಾರೆ. ಆದರೆ ‘ನನ್ನೊಳಗೆ ಯಾರೂ ಹೊಕ್ಕಿಲ್ಲ, ನಾನೇ ಅದು’ ಅಂತ ಮಗ ಹೇಳಿದರೆ ಅವ್ವ ಎಲ್ಲಿಗೆ ಕರೆದುಕೊಂಡು ಹೋಗಬೇಕು? ಡಾಕ್ಟರ ಹತ್ತಿರವೋ, ಗುಡಿಗೋ, ಸೋದರಮಾವನ ಹತ್ತಿರವೋ? ಅವರಿಗೆ ನೀವು ಹೇಳಿಯೇ ಇಲ್ಲ ಅಂತಿದ್ದರೆ, ಹೇಳದೆ ಇರೋದು ಹೇಗಿರುತ್ತದೆ ಅಂತ ಬರೆಯಿರಿ.

ಬಸ್ಸಿನ ಭಾಗ ನಿಮ್ಮ ಬರಹದಲ್ಲೇ ಉತ್ತಮವಾದದ್ದು. ಬೆಳಗಾವಿಯಿಂದ ಊರಿಗೆ ರಾತ್ರಿ ಬಸ್, ಯರಗಟ್ಟಿ ದಾಟಿದೆ, ರೂಮ್‌ಮೇಟ್ ನಿಮ್ಮ ಭುಜದ ಮೇಲೆ ತಲೆಯಿಟ್ಟು ಮಲಗಿದ್ದಾನೆ. ಅವನ ಉಸಿರಿಗೆ ಉಸಿರು ಸೇರಿಸಿ ನೀವು ಹೀರಿದಿರಿ, ಬೆನ್ನುಹುರಿಯಲ್ಲಿ ಬಿಸಿ ಏರಿತು. ಲೋಕಾಪುರದಲ್ಲಿ ಇಳಿಯುವಾಗ ಅವನು ‘ಯಾಕೋ ಭಾಳ ದಣದಂಗ ಆಗೈತಲೇ’ ಅಂದ. ಇಲ್ಲಿಗೆ ನಿಲ್ಲಿಸಬೇಕಿತ್ತು. ನೀವು ‘ಇದೇ ನನ್ನ ಸ್ವರೂಪಕ್ಕೆ ಪುರಾವೆ’ ಅಂತ ಮುಕ್ಕಾಲು ಪುಟ ವಕೀಲಿ ಮಾಡಿದಿರಿ. ಅವನಿಗೆ ಎರಡು ದಿನದಿಂದ ಜ್ವರ ಅಂತ ಹಿಂದಿನ ಪುಟದಲ್ಲಿ ಬರೆದವರೂ ನೀವೇ. ಆ ಜ್ವರ ಅಲ್ಲೇ ಇರಲಿ, ತೆಗೆಯಬೇಡಿ. ಓದುಗನಿಗೆ ಎರಡೂ ನಿಜ ಅನ್ನಿಸಬೇಕು. ಜ್ವರದ ಗೆಳೆಯನಿಂದ ತಾನು ಏನೋ ಕಿತ್ತುಕೊಂಡೆ ಅಂತ ನಂಬಿದವನಿಗೆ ಅವತ್ತು ರಾತ್ರಿ ನಿದ್ದೆ ಬಂತಾ ಅನ್ನೋದೂ ನನಗೆ ತಿಳಿಯಬೇಕು.

ಬ್ಲೇಡಿನಿಂದ ರಕ್ತ ತೆಗೆಯುವ ಪ್ಯಾರಾ ಮಾತ್ರ ನಮ್ಮಲ್ಲಿ ಬರೋದಿಲ್ಲ. ಹೆಪಟೈಟಿಸ್ ಬಿ, ಎಚ್‌ಐವಿ ಎರಡೂ ರಕ್ತದಿಂದ ಹರಡುವ ಕಾಯಿಲೆಗಳು. ಹಾಸ್ಟೆಲ್ ಹುಡುಗರು ಓದುವ ಪತ್ರಿಕೆ ಇದು. ಅದೂ ಅಲ್ಲದೆ ಆ ಪ್ಯಾರಾ ನೋಡಿದ ಸಿನಿಮಾದ ಹಾಗಿದೆ, ನಡೆದದ್ದರ ಹಾಗಿಲ್ಲ. ನಡೆದಿದ್ದರೆ ದಯವಿಟ್ಟು ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.

ಭಾಷೆ. ‘ತಮಸ್ಸಿನ ಗರ್ಭದಿಂದ ಉದಯಿಸಿದ ಶಾಶ್ವತ ಪಿಪಾಸು ನಾನು.’ ಇದನ್ನು ನವನಗರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಜೋರಾಗಿ ಒಂದು ಸಲ ಓದಿ ನೋಡಿ. ಇಂಥ ಸಾಲುಗಳಿಗೆಲ್ಲ ಕೆಂಪು ಗೆರೆ ಎಳೆದಿದ್ದೇನೆ, ಬಹಳ ಇವೆ. ಅವ್ವನ ಸಾಲಿನಲ್ಲಿ, ಬಸ್ಸಿನಲ್ಲಿ ಇಂಥದ್ದು ಒಂದೂ ಇಲ್ಲ.

ತಿದ್ದಿ ಕಳಿಸಿದರೆ ಖಂಡಿತ ಓದುತ್ತೇನೆ. ಏಳೆಂಟು ಪುಟ ಸಾಕು. ಅದಕ್ಕೂ ಮುಂಚೆ ಆ ಲೋಕಾಪುರದ ಗೆಳೆಯನಿಗೆ ಬಸ್ಸಿನ ಭಾಗ ಓದಿಸಿ, ಅವನು ಒಪ್ಪಿದರೆ ಮಾತ್ರ ಇಡಿ. ನಿಮ್ಮ ವ್ಯಾಂಪೈರ್ ಬಳಗಗಳಲ್ಲೇ, ಕೊಡುವವನ ಒಪ್ಪಿಗೆಯಿಲ್ಲದೆ ಹೀರಬಾರದು ಅನ್ನೋ ಕಟ್ಟಳೆ ಇದೆಯಲ್ಲ. ಫೈಲನ್ನು ಯೂನಿಕೋಡ್‌ನಲ್ಲಿ ಕಳಿಸಿ, ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಬೇಡ. ಈ ಸಲ ತಿರುಗಿಸುವಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ‘ಆತ್ಮ’ ಅನ್ನೋದು ಕಡೇ ಪುಟದವರೆಗೂ ‘ಆತಮ’ ಅಂತಲೇ ಬಂದಿದೆ.