ಓವರ್‌ಕೋಟ್: ಭುಜ ಮೊದಲು, ಬಣ್ಣ ಆಮೇಲೆ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದವು. ಒಬ್ಬರು ಚಳಿ ದೇಶಕ್ಕೆ ಹೊರಟವರು, ಇನ್ನೊಬ್ಬರು ಅಲ್ಲೇ ಇರುವವರು, ಮತ್ತೊಬ್ಬರು ವಾಪಸ್ ಬಂದವರು. ಮೂವರೂ ಕೇಳಿರುವುದು ಡಬಲ್ ಬ್ರೆಸ್ಟೆಡ್ ಓವರ್‌ಕೋಟಿನ ಬಗ್ಗೆ, ಅಂದರೆ ಮುಂದೆ ಎರಡು ಸಾಲು ಗುಂಡಿ ಇರುವ ಉದ್ದನೆ ಉಣ್ಣೆ ಕೋಟು.

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನವೆಂಬರ್ ಕೊನೆಗೆ ಮಗಳ ಎಂಎಸ್ಸಿ ಪದವಿ ಪ್ರದಾನಕ್ಕೆ ಎಡಿನ್‌ಬರಾಗೆ ಹೋಗುತ್ತಿದ್ದೇನೆ. ಮಗಳು ಡಬಲ್ ಬ್ರೆಸ್ಟೆಡ್ ಕೋಟು ತಗೊಳ್ಳಿ ಅನ್ನುತ್ತಾಳೆ. ನಾನು 5 ಅಡಿ 5 ಇಂಚು, ಸ್ವಲ್ಪ ಹೊಟ್ಟೆ ಇದೆ. ನನಗೆ ಒಪ್ಪುತ್ತದಾ? ಇಲ್ಲೇ ಹೊಲಿಸಲೋ, ಅಲ್ಲಿ ಕೊಳ್ಳಲೋ? ಪಂಚೆ ಮೇಲೆ ಹಾಕಬಹುದಾ?
- ಓದುಗರು, ಶಿವಮೊಗ್ಗ

ಮೇಷ್ಟ್ರೇ, ಮೊದಲು ಅಭಿನಂದನೆ. ಖಂಡಿತ ಒಪ್ಪುತ್ತದೆ. ಕುಳ್ಳಗಿರುವವರು, ಹೊಟ್ಟೆ ಇರುವವರು ಎರಡು ಸಾಲು ಗುಂಡಿ ಹಾಕಬಾರದು ಅಂತ ಯಾರೋ ಹೇಳಿದ್ದನ್ನು ಎಲ್ಲರೂ ಹೇಳುತ್ತಾ ಬಂದಿದ್ದಾರೆ, ಅಷ್ಟೇ. ಎತ್ತರ ಕಡಿಮೆ ಇದ್ದವರಿಗೆ ಹೊಂದದಿರುವುದು ಗುಂಡಿಯ ಸಾಲಲ್ಲ, ಉದ್ದ. ಮೀನಖಂಡದವರೆಗೆ ಇಳಿಯುವ ಕೋಟು ನಿಮ್ಮನ್ನು ನುಂಗಿಬಿಡುತ್ತದೆ. ಮೊಣಕಾಲಿಗೆ ನಿಲ್ಲಬೇಕು, ಒಂದೆರಡು ಇಂಚು ಮೇಲಾದರೂ ಪರವಾಗಿಲ್ಲ. ಎರಡು ಸಾಲುಗಳ ನಡುವಿನ ಅಂತರ ತೀರಾ ಅಗಲ ಇರದಿದ್ದರೆ ಒಳ್ಳೆಯದು. ಸೊಂಟಕ್ಕೆ ಬೆಲ್ಟು, ಹೊರಗೆ ಅಂಟಿಸಿದ ದೊಡ್ಡ ಜೇಬು ಬೇಡ. ಕಡು ನೀಲಿ ಅಥವಾ ಇದ್ದಿಲು ಬಣ್ಣ ತಗೊಳ್ಳಿ, ಮುಂದೆ ಯಾವ ಸಮಾರಂಭಕ್ಕಾದರೂ ಆಗುತ್ತದೆ.

ಅಲ್ಲಿನ ಚಳಿ ಬಗ್ಗೆ ಹೇಳಲೇಬೇಕು. ನವೆಂಬರ್ ಕೊನೆಗೆ ಎಡಿನ್‌ಬರಾದಲ್ಲಿ ಸಂಜೆ 4 ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಥರ್ಮಾಮೀಟರ್ ನೋಡಿದರೆ 5, 6 ಡಿಗ್ರಿ ಇರುತ್ತದೆ, ಅಷ್ಟೇನೂ ಅಲ್ಲ ಅನ್ನಿಸಬಹುದು. ಕಾಡುವುದು ಗಾಳಿ, ಅದರ ಜೊತೆ ಬರುವ ಜಿಟಿಜಿಟಿ ಮಳೆ. ಪದವಿ ಪ್ರದಾನ ನಡೆಯುವ ಮೆಕ್‌ಯೂಅನ್ ಹಾಲ್ ಒಳಗೆ ಬೆಚ್ಚಗಿರುತ್ತದೆ, ಕೋಟು ಬಿಚ್ಚಿ ತೊಡೆ ಮೇಲೆ ಇಟ್ಟುಕೊಳ್ಳಬೇಕಾಗುತ್ತದೆ. ಆದರೆ ಫೋಟೋ ತೆಗೆಯುವುದು ಹೊರಗೆ, ಬ್ರಿಸ್ಟೋ ಸ್ಕ್ವೇರಿನಲ್ಲಿ. ಒಬ್ಬೊಬ್ಬರ ಜೊತೆ ಒಂದೊಂದು ಫೋಟೋ ಅಂತ ಅರ್ಧ ಗಂಟೆ ನಿಂತೇ ಇರುತ್ತೀರಿ. ಎರಡು ಸಾಲು ಗುಂಡಿಯ ಕೋಟಿನ ಲಾಭ ಗೊತ್ತಾಗುವುದೇ ಆಗ. ಎದೆ ಮೇಲೆ, ಹೊಟ್ಟೆ ಮೇಲೆ ಬಟ್ಟೆ ಎರಡು ಪದರ ಇರುತ್ತದಲ್ಲ, ಗಾಳಿ ಒಳಗೆ ನುಗ್ಗುವುದಿಲ್ಲ.

ಬಟ್ಟೆಯ ವಿಷಯಕ್ಕೆ ಬರುತ್ತೇನೆ. ಮೆಲ್ಟನ್ ಅಂತ ಒಂದು ಉಣ್ಣೆ ಬಟ್ಟೆ ಇದೆ, ಇಂಗ್ಲೆಂಡಿನ ಮೆಲ್ಟನ್ ಮೌಬ್ರೆ ಊರಿನಿಂದ ಬಂದ ಹೆಸರು. ನೇಯ್ದ ಮೇಲೆ ಒದ್ದೆ ಮಾಡಿ, ಉಜ್ಜಿ, ಎಳೆಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಹಾಗೆ ಮಾಡುತ್ತಾರೆ. ನೀವು ಮಲೆನಾಡಿನ ಕಡೆಯವರು, ಕಂಬಳಿ ಕೊಪ್ಪೆ ನೋಡಿಯೇ ಇರುತ್ತೀರಿ. ಸುರಿಯುವ ಮಳೆಯಲ್ಲಿ ಗದ್ದೆಯಲ್ಲಿದ್ದರೂ ಒಳಗೆ ಬೆಚ್ಚಗಿರುತ್ತದಲ್ವಾ, ಅದೇ ಗುಣ. ಕೋಟಿನ ಒಳಗಿರುವ ಚೀಟಿ ಓದಿ. ಉಣ್ಣೆ 80 ಪರ್ಸೆಂಟ್, ಉಳಿದದ್ದು ನೈಲಾನ್ ಇದ್ದರೆ ಏನೂ ತೊಂದರೆ ಇಲ್ಲ, ಬಾಳಿಕೆ ಜಾಸ್ತಿ. ಪಾಲಿಯೆಸ್ಟರ್ ಅರ್ಧಕ್ಕಿಂತ ಹೆಚ್ಚಿದ್ದರೆ ಬಿಟ್ಟುಬಿಡಿ. ನಾನು ಮೊದಲ ಸಲ ಹೋದಾಗ ಆನ್‌ಲೈನಿನಲ್ಲಿ ಫೋಟೋ ನೋಡಿ ಒಂದು ತರಿಸಿದ್ದೆ. ನೋಡಲು ಏನು ಚೆಂದ! ಬಸ್ ಸ್ಟಾಪಿನಲ್ಲಿ ಹತ್ತು ನಿಮಿಷ ನಿಂತಿದ್ದಕ್ಕೆ ಬೆನ್ನು ಮರಗಟ್ಟಿತು. ಚೀಟಿ ನೋಡಿದರೆ ಉಣ್ಣೆ ಕಾಲು ಭಾಗವೂ ಇರಲಿಲ್ಲ. ಅಂಗಡಿಯಲ್ಲೇ ಬಟ್ಟೆಯನ್ನು ಮುಷ್ಟಿಯಲ್ಲಿ ಐದು ಸೆಕೆಂಡ್ ಹಿಂಡಿ ಬಿಡಿ, ಒಳ್ಳೆ ಉಣ್ಣೆಯಾದರೆ ಸುಕ್ಕು ತಾನೇ ಬಿಚ್ಚಿಕೊಳ್ಳುತ್ತದೆ. ಬೆಳಕಿಗೆ ಹಿಡಿದರೆ ಆ ಕಡೆಯ ಬೆಳಕು ಕಾಣಬಾರದು.

ಇಲ್ಲಿ ಹೊಲಿಸುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಟೈಲರುಗಳು ಸೂಟು ಚೆನ್ನಾಗಿಯೇ ಹೊಲಿಯುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ನಮ್ಮ ಅಂಗಡಿಗಳಲ್ಲಿ ಸಿಗುವ ಸೂಟಿನ ಬಟ್ಟೆ ಮೀಟರಿಗೆ 250, 300 ಗ್ರಾಂ ತೂಗಿದರೆ ಹೆಚ್ಚು. ಓವರ್‌ಕೋಟಿನ ಬಟ್ಟೆ 500 ಗ್ರಾಂ ಆದರೂ ಇರಬೇಕು. ಅಷ್ಟು ದಪ್ಪದ್ದು ಇಲ್ಲಿ ಹುಡುಕಿ ತರುವುದೇ ಕಷ್ಟ. ಸಮಾರಂಭಕ್ಕೆ ನಾಲ್ಕೈದು ದಿನ ಮುಂಚೆ ತಲುಪಿ ಅಲ್ಲೇ ಕೊಳ್ಳಿ. ಸ್ಟಾಕ್‌ಬ್ರಿಜ್ ಅಂತ ಒಂದು ಬಡಾವಣೆ ಇದೆ, ಅಲ್ಲಿ ಚಾರಿಟಿ ಅಂಗಡಿಗಳು ಸಾಲಾಗಿವೆ. ಬೇರೆಯವರು ಹಾಕಿದ ಕೋಟು ಅಂತ ಮನಸ್ಸು ಹಿಂಜರಿದರೆ ಬಲವಂತವಿಲ್ಲ. ಆದರೆ ಹಳೇ ಕಾಲದ ಗಟ್ಟಿ ಉಣ್ಣೆ ಕೋಟುಗಳು ಹೊಸದರ ಕಾಲು ಬೆಲೆಗೆ ಸಿಗುವುದು ಇಂಥ ಕಡೆಯೇ.

ಹಾಕಿ ನೋಡುವಾಗ ಒಳಗೆ ಸೂಟ್ ಜಾಕೆಟ್ ಇರಲಿ. ಸೂಟಿನ ಅಳತೆ 40 ಇದ್ದರೆ ಕೋಟೂ 40ನೇ ತಗೊಳ್ಳಿ, ಒಳಗಿನ ಜಾಕೆಟ್ಟಿಗೆ ಜಾಗ ಬಿಟ್ಟೇ ಹೊಲಿದಿರುತ್ತಾರೆ. ಭುಜದ ಹೊಲಿಗೆ ಜಾಕೆಟ್ಟಿನ ಭುಜಕ್ಕಿಂತ ಒಂಚೂರು ಆಚೆ ಇರಬೇಕು. ತೋಳನ್ನು ಗಿಡ್ಡ ಮಾಡಿಸಬಹುದು, ಗುಂಡಿಯನ್ನು ಸ್ವಲ್ಪ ಆಚೀಚೆ ಮಾಡಿಸಬಹುದು. ಭುಜ ಸರಿಯಿಲ್ಲದಿದ್ದರೆ ಎಷ್ಟೇ ಅಗ್ಗ ಇದ್ದರೂ ಅಲ್ಲೇ ಬಿಟ್ಟು ಬನ್ನಿ. ಗುಂಡಿ ಹಾಕಿ ಕನ್ನಡಿ ಮುಂದೆ ನಿಂತು ಹೊಟ್ಟೆ ಹತ್ತಿರ ನೋಡಿ. ಗುಂಡಿಯಿಂದ ನಾಲ್ಕೂ ಕಡೆಗೆ ಸುಕ್ಕು ಎಳೆದಿದ್ದರೆ ಬಿಗಿಯಾಗಿದೆ ಅಂತ ಅರ್ಥ. ಒಮ್ಮೆ ಕುರ್ಚಿ ಮೇಲೆ ಕೂತು ನೋಡಿ. ಆಮೇಲೆ ಮಗಳನ್ನು ತಬ್ಬಿಕೊಳ್ಳುವ ಹಾಗೆ ಎರಡೂ ಕೈ ಮುಂದೆ ಚಾಚಿ. ಬೆನ್ನು ಹಿಡಿಯಬಾರದು. ಅವತ್ತು ಆ ಕೋಟಿನ ಮುಖ್ಯ ಕೆಲಸವೇ ಅದು.

ಪಂಚೆಯ ಮಾತು. ಹಾಕಿ ಸಾರ್, ಧಾರಾಳವಾಗಿ. ಪಂಚೆ ಮೇಲೆ ಕರಿ ಕೋಟು ತೊಟ್ಟು ಪಾಠ ಮಾಡಿದ ಮೇಷ್ಟ್ರುಗಳು ನಮ್ಮಲ್ಲಿ ಎಷ್ಟು ಜನ ಇದ್ದರು! ಕೋಟು ಮೊಣಕಾಲಿಗೆ ನಿಂತು ಕೆಳಗೆ ಜರಿ ಅಂಚು ಕಂಡರೆ ಬಹಳ ಘನವಾಗಿರುತ್ತದೆ. ಒಳಗೆ ಉಣ್ಣೆಯ ಥರ್ಮಲ್ ಪ್ಯಾಂಟ್, ಕಾಲಿಗೆ ದಪ್ಪ ಸಾಕ್ಸು, ಶೂ. ಕಚ್ಚೆ ಹಾಕಿ ಉಡಿ, ಆ ಗಾಳಿಗೆ ಸುತ್ತು ಪಂಚೆ ನಿಲ್ಲುವುದಿಲ್ಲ.

ಪ್ರಶ್ನೆ: ಮ್ಯೂನಿಕ್‌ನಲ್ಲಿ ಕೆಲಸ ಮಾಡುತ್ತೇನೆ, 27 ವರ್ಷ. ಆಫೀಸಿನ ಕ್ರಿಸ್ಮಸ್ ಊಟಕ್ಕೆ ಅಂತ ಆರು ಗುಂಡಿಯ ಕೋಟು ಕೊಂಡೆ. ಎಲ್ಲಾ ಗುಂಡಿ ಹಾಕಬೇಕಾ? ಬಿಚ್ಚಿಕೊಂಡು ಓಡಾಡಬಹುದಾ? ಟ್ರೆಂಚ್ ಕೋಟು ತಗೊಂಡಿದ್ದರೆ ಚೆನ್ನಾಗಿತ್ತಾ?
- ಓದುಗರು, ಮ್ಯೂನಿಕ್

ಮೇಲಿನ ಜೋಡಿ ಬಹಳ ಕೋಟುಗಳಲ್ಲಿ ಅಂದಕ್ಕೆ ಮಾತ್ರ ಇರುತ್ತದೆ. ನಡುವಿನದು ಯಾವಾಗಲೂ ಹಾಕಿ, ಕೆಳಗಿನದು ನಿಮ್ಮಿಷ್ಟ. ಬಹಳ ಜನ ಮರೆಯುವುದು ಒಳಗುಂಡಿಯನ್ನು. ಒಳಗಿನ ಪದರವನ್ನು ಹಿಡಿದಿಡಲು ಅಂತಲೇ ಒಳಗೆ ಒಂದು ಗುಂಡಿ ಇರುತ್ತದೆ, ಹುಡುಕಿ ನೋಡಿ. ಅದನ್ನು ಹಾಕದಿದ್ದರೆ ಒಳಪದರ ಕೆಳಗೆ ಜೋತು ಬಿದ್ದು ಅಂಚು ಇಣುಕುತ್ತದೆ. ಬಿಚ್ಚಿಕೊಂಡು ಓಡಾಡಬೇಡಿ ಅಂತ ನನ್ನ ಸಲಹೆ, ಅಷ್ಟು ಬಟ್ಟೆ ಎರಡೂ ಕಡೆ ಜೋಲಾಡುತ್ತದೆ. ಕೋಟು ತೆರೆದುಕೊಂಡೇ ಇರುವ ಅಭ್ಯಾಸ ನಿಮ್ಮದಾದರೆ ಒಂದು ಸಾಲು ಗುಂಡಿಯದೇ ನಿಮಗೆ ಸರಿ.

ಟ್ರೆಂಚ್ ಕೋಟು ತಗೊಳ್ಳದೆ ಒಳ್ಳೆಯದೇ ಮಾಡಿದಿರಿ. ಅದಕ್ಕೂ ಎರಡು ಸಾಲು ಗುಂಡಿ ಇರುವುದರಿಂದ ಗೊಂದಲ ಆಗುತ್ತದೆ. ಅದು ಹತ್ತಿಯ ಗ್ಯಾಬರ್ಡೀನ್ ಬಟ್ಟೆ, 1879ರಲ್ಲಿ ಥಾಮಸ್ ಬರ್ಬೆರಿ ಕಂಡುಹಿಡಿದದ್ದು. ಮಳೆ ತಡೆಯುತ್ತದೆ, ಮ್ಯೂನಿಕ್‌ನ ಡಿಸೆಂಬರ್ ಹಿಮವನ್ನು ತಡೆಯುವಷ್ಟು ಬೆಚ್ಚಗಿರುವುದಿಲ್ಲ.

ಇನ್ನೊಂದು ಕೆಲಸ ಈಗಲೇ ಮಾಡಿ. ಕೋಟಿನ ಬೆನ್ನಿನ ಕೆಳಗಡೆ ಸೀಳು ಇರುತ್ತದಲ್ಲ, ಅಲ್ಲಿ ಬಿಳಿ ದಾರದಲ್ಲಿ ಗುಣಿಸು ಚಿಹ್ನೆಯ ಹಾಗೆ ಒಂದು ಹೊಲಿಗೆ ಹಾಕಿರುತ್ತಾರೆ. ಸಾಗಿಸುವಾಗ ಬಟ್ಟೆ ಮಡಚದಿರಲಿ ಅಂತ ಹಾಕಿದ್ದು ಅದು. ಸಣ್ಣ ಕತ್ತರಿಯಲ್ಲಿ ಕತ್ತರಿಸಿ ತೆಗೆಯಿರಿ. ಇಲ್ಲದಿದ್ದರೆ ಟ್ರಾಮ್ ಹತ್ತುವಾಗ ಜಗ್ಗಿ ಬಟ್ಟೆ ಹರಿಯುತ್ತದೆ. ತೋಳಿನ ತುದಿಯಲ್ಲಿ ಕಂಪನಿ ಚೀಟಿ ಇದ್ದರೆ ಅದನ್ನೂ ತೆಗೆಯಿರಿ.

ಪ್ರಶ್ನೆ: ಯಜಮಾನರು ಎರಡು ವರ್ಷ ಲಂಡನ್ನಿನಲ್ಲಿದ್ದು ಬಂದರು. ಅವರ ಕೋಟು ಇಲ್ಲಿ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ ಅಂತ ಭಯ. ಹೇಗೆ ಇಡಲಿ?
- ಓದುಗರು, ಮೈಸೂರು

ಒಮ್ಮೆ ಡ್ರೈಕ್ಲೀನ್ ಮಾಡಿಸಿ ಇಡಿ ಅಕ್ಕ. ಬೆವರು, ಊಟದ ಕಲೆ ಇರುವ ಕಡೆಯೇ ನುಸಿಯ ಮರಿಹುಳು ಮೊದಲು ತಿನ್ನುವುದು. ಅಂಗಡಿಯವರು ಕೊಡುವ ಪ್ಲಾಸ್ಟಿಕ್ ಕವರಿನಲ್ಲೇ ಬಿಡಬೇಡಿ, ಒಳಗೆ ತೇವ ನಿಂತು ಬೂಸ್ಟು ಬರುತ್ತದೆ. ಹಳೇ ಹತ್ತಿ ಪಂಚೆ ಅಥವಾ ಬೆಡ್‌ಶೀಟಿನಲ್ಲಿ ಸಡಿಲವಾಗಿ ಮುಚ್ಚಿ, ಅಗಲ ಭುಜದ ಮರದ ಹ್ಯಾಂಗರಿಗೆ ಹಾಕಿ. ನುಸಿಗುಳಿಗೆಯನ್ನು ಬೀರುವಿನ ತಳದಲ್ಲಿ ಇಡುತ್ತೇವಲ್ಲ, ಹಾಗೆ ಮಾಡಬೇಡಿ. ಅದರ ಆವಿ ಗಾಳಿಗಿಂತ ಭಾರ, ಕೆಳಗೇ ಉಳಿಯುತ್ತದೆ. ಸಣ್ಣ ಬಟ್ಟೆಯಲ್ಲಿ ಕಟ್ಟಿ ಹ್ಯಾಂಗರಿನ ಕೊಕ್ಕೆಗೆ ತೂಗುಹಾಕಿ, ಕೋಟಿಗೆ ತಾಗದಿರಲಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹೊರಗೆ ತೆಗೆದು ಒಂದು ಗಂಟೆ ಫ್ಯಾನಿನ ಗಾಳಿಗೆ ಬಿಡಿ. ಜೇಬುಗಳನ್ನೂ ಹೊರಮಗ್ಗುಲು ತಿರುಗಿಸಿ.