ಡೋರಾಳನ್ನು ಬೆಳೆಸಲು ಹೋಗಿ ಎಡವಿದ್ದೆಲ್ಲಿ?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. 2009ರಲ್ಲಿ ಪುಟ್ಟ ಮಕ್ಕಳ ಕಾರ್ಟೂನ್ ಪಾತ್ರ ಡೋರಾಳ ರೂಪ ಬದಲಿಸಿದಾಗ ಅಮೆರಿಕದ ಪೋಷಕರು ಅಷ್ಟು ಸಿಟ್ಟಾಗಿದ್ದೇಕೆ ಎಂಬುದು ಒಂದು. 3ರಿಂದ 5 ವರ್ಷದ ಮಕ್ಕಳಿಗೆಂದು ನೀವು ಬರೆದ ಹುಡುಗಿಯ ಪಾತ್ರವನ್ನು 8ರಿಂದ 10 ವರ್ಷದವರಿಗಾಗಿ ಬೆಳೆಸುವಾಗ ಅದೇ ಪಾಡು ಬಾರದಂತೆ ಏನು ಮಾಡಬೇಕು ಎಂಬುದು ಇನ್ನೊಂದು. ಮೊದಲನೆಯದು ಸರಿಯಾಗಿ ಅರ್ಥವಾದರೆ ಎರಡನೆಯದು ಅರ್ಧ ಬಗೆಹರಿದ ಹಾಗೆ.

ಡೋರಾ 2000ದ ಆಗಸ್ಟ್‌ನಲ್ಲಿ ನಿಕೆಲೋಡಿಯನ್ ವಾಹಿನಿಯಲ್ಲಿ ಕಾಣಿಸಿಕೊಂಡಳು. ಗುಲಾಬಿ ಟೀ ಶರ್ಟ್, ಕಿತ್ತಳೆ ಚಡ್ಡಿ, ಕಿವಿಯವರೆಗೆ ಕತ್ತರಿಸಿದ ಕೂದಲು, ಬೆನ್ನಿಗೆ ನೇರಳೆ ಬ್ಯಾಗು, ಜೊತೆಗೆ ಮಾತಾಡುವ ನಕಾಶೆ ಮತ್ತು ಬೂಟ್ಸ್ ಎಂಬ ಕೋತಿ. ಚಿಂಟು ಟಿವಿಯಲ್ಲಿ ನಮ್ಮ ಮಕ್ಕಳೊಂದಿಗೆ ಕನ್ನಡದಲ್ಲಿ ಮಾತಾಡಿದವಳೂ ಇವಳೇ. ಅಮೆರಿಕದಲ್ಲಿ ಮಕ್ಕಳು 5 ವರ್ಷ ದಾಟುತ್ತಿದ್ದಂತೆ ಡೋರಾಳನ್ನು ಬಿಟ್ಟು ಬೇರೆ ಗೊಂಬೆಗಳತ್ತ ಹೊರಳುತ್ತಿದ್ದರು. ಅವರನ್ನು ಉಳಿಸಿಕೊಳ್ಳಲು ಗೊಂಬೆ ತಯಾರಿಸುವ ಮ್ಯಾಟೆಲ್ ಕಂಪನಿ ಮತ್ತು ನಿಕೆಲೋಡಿಯನ್ ಸೇರಿ ‘ಡೋರಾ ಲಿಂಕ್ಸ್’ ಎಂಬ ಗೊಂಬೆಯನ್ನು ಯೋಜಿಸಿದವು. ಗೊಂಬೆಯನ್ನು ಕಂಪ್ಯೂಟರಿಗೆ ಜೋಡಿಸಿ ಪರದೆಯ ಮೇಲೆ ಅವಳ ಕೂದಲಿನ ಉದ್ದ, ಕಣ್ಣಿನ ಬಣ್ಣ, ಆಭರಣ ಬದಲಿಸಿದರೆ ಕೈಯಲ್ಲಿರುವ ಗೊಂಬೆಯೂ ಬದಲಾಗುತ್ತಿತ್ತು. ಈ ಡೋರಾ ದೊಡ್ಡ ನಗರಕ್ಕೆ ಬಂದಿದ್ದಾಳೆ, ಮಿಡ್ಲ್ ಸ್ಕೂಲಿಗೆ ಹೋಗುತ್ತಾಳೆ, ಫ್ಯಾಷನ್ ಬಟ್ಟೆ ತೊಟ್ಟಿದ್ದಾಳೆ ಎಂದು ಪ್ರಕಟಣೆ ಹೇಳಿತು. ಜೊತೆಗೆ ಕೊಟ್ಟ ಚಿತ್ರ ಬರೀ ಕಪ್ಪು ಛಾಯಾಕೃತಿ. ಕುತೂಹಲ ಹುಟ್ಟಿಸುವುದಕ್ಕೆ.

ಚಿತ್ರ ಬರೆಯುವವರು ನಿಂತು ನೋಡಬೇಕಾದ ಜಾಗ ಇದು. ಛಾಯಾಕೃತಿಯಲ್ಲಿ ಹೊರಗೆರೆ ಮಾತ್ರ ಉಳಿಯುತ್ತದೆ, ಬಟ್ಟೆ ಎಲ್ಲಿ ಮುಗಿದು ಚರ್ಮ ಎಲ್ಲಿ ಶುರುವಾಯಿತು ಎಂಬುದು ಅಳಿಸಿಹೋಗುತ್ತದೆ. ಡೋರಾ ತೊಟ್ಟಿದ್ದು ಟ್ಯೂನಿಕ್ ಮತ್ತು ಲೆಗ್ಗಿಂಗ್ಸ್, ನಮ್ಮ ಗಿಡ್ಡ ಕುರ್ತಾ–ಲೆಗ್ಗಿಂಗ್ಸ್ ಇದ್ದ ಹಾಗೆ. ಕಾಲಿಗೆ ಚಪ್ಪಟೆ ತಳದ ಶೂ. ಆದರೆ ಮೈಗಂಟಿದ ಲೆಗ್ಗಿಂಗ್ಸಿನ ಹೊರಗೆರೆಗೂ ಬರಿಗಾಲಿನ ಹೊರಗೆರೆಗೂ ಕಪ್ಪಿನಲ್ಲಿ ವ್ಯತ್ಯಾಸವೇ ಇಲ್ಲ. ಅಗಲವಾಗಿ ಹರಡಿದ ಟ್ಯೂನಿಕ್ಕಿನ ಅಂಚು ಮಿನಿ ಸ್ಕರ್ಟಿನಂತೆ ಕಂಡಿತು. ಉದ್ದ ಕೂದಲು, ಉದ್ದ ಕಾಲು, ಗಿಡ್ಡ ಸ್ಕರ್ಟು: ತಾಯಂದಿರು ಕಂಡದ್ದು ಇಷ್ಟೇ. ಕನ್ನಡದಲ್ಲಿ ‘ದೊಡ್ಡವಳಾದಳು’ ಎಂದರೆ ಯಾವ ಅರ್ಥ ಬರುತ್ತದೋ ಆ ಅರ್ಥವೇ ಅವರ ಕಣ್ಣಿಗೂ ಬಿತ್ತು, ಅದೂ 5 ವರ್ಷದ ಮಗುವಿನ ಕೈಗೆ ಕೊಡುವ ಗೊಂಬೆಯಲ್ಲಿ. ಬಣ್ಣದ ಪೂರ್ತಿ ಚಿತ್ರ ಬಂದಾಗ ಉಡುಪು ಸಭ್ಯವಾಗಿಯೇ ಇತ್ತು, ಆದರೆ ಅಷ್ಟರಲ್ಲಿ ರೂಪ ಬದಲಾವಣೆಯ ವಿರುದ್ಧ ಸಹಿ ಸಂಗ್ರಹ ನಡೆದಿತ್ತು.

ಉಡುಪು ಸಭ್ಯವಾಗಿದ್ದರಿಂದ ಪೋಷಕರು ಸುಮ್ಮನೆ ಹುಯಿಲೆಬ್ಬಿಸಿದರು ಎಂದು ಕೆಲವರು ಬರೆದರು. ನಾನದನ್ನು ಒಪ್ಪುವುದಿಲ್ಲ. ಎರಡು ವರ್ಷ ಮೊದಲು, 2007ರಲ್ಲಿ, ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಬಾಲಕಿಯರನ್ನು ಲೈಂಗಿಕ ದೃಷ್ಟಿಯಿಂದ ಬಿಂಬಿಸುವುದರ ಬಗ್ಗೆ ವರದಿ ಕೊಟ್ಟಿತ್ತು. ಅಂಗಡಿಗಳಲ್ಲಿ 2001ರಿಂದ ದಪ್ಪ ಮೇಕಪ್ಪಿನ, ಫ್ಯಾಷನ್ ಉಡುಪಿನ ಬ್ರಾಟ್ಜ್ ಗೊಂಬೆಗಳಿದ್ದವು. ಅವುಗಳ ನಡುವೆ ಡೋರಾ ಒಂದು ಆಸರೆಯಾಗಿದ್ದಳು: ಹೇಗೆ ಕಾಣುತ್ತೇನೆ ಎಂಬ ಯೋಚನೆಯಿಲ್ಲದೆ ಹೊಳೆ ದಾಟುವ, ದಾರಿ ಹುಡುಕುವ ಹುಡುಗಿ. ಹೊಸ ಗೊಂಬೆಯೊಂದಿಗೆ ಮಗು ಮಾಡಬೇಕಾದ ಕೆಲಸ ಕೂದಲು ಉದ್ದ ಮಾಡುವುದು, ಕಿವಿಗೆ ಓಲೆ ಹಾಕುವುದು. ನಕಾಶೆ ಹಿಡಿದ ಕೈಗೆ ಕನ್ನಡಿ ಬಂತು. ಅವಳಿಗೆ ವಯಸ್ಸಾದದ್ದು ಯಾರಿಗೂ ನೋವಾಗಿರಲಿಲ್ಲ, ಅವಳ ಕಸುಬು ಕಿತ್ತುಕೊಂಡದ್ದು ನೋವಾಗಿತ್ತು. 2013ರಲ್ಲಿ ಡಿಸ್ನಿ ‘ಬ್ರೇವ್’ ಸಿನಿಮಾದ ಬಿಲ್ಲುಗಾರ್ತಿ ಮೆರಿಡಾಳನ್ನು ತನ್ನ ರಾಜಕುಮಾರಿಯರ ಸಾಲಿಗೆ ಸೇರಿಸುವಾಗ ನಡು ಸಣ್ಣ ಮಾಡಿ, ಬಿಲ್ಲು ಬಿಡಿಸಿ ಹೊಳೆಯುವ ಉಡುಪಿನಲ್ಲಿ ನಿಲ್ಲಿಸಿದಾಗಲೂ 2 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದದ್ದು ಇದೇ ಕಾರಣಕ್ಕೆ.

ಈಗ ನಿಮ್ಮ ಕೆಲಸ. ಪೆನ್ಸಿಲ್ ಹಿಡಿಯುವ ಮುಂಚೆ ಒಂದು ಹಾಳೆಯಲ್ಲಿ ನಿಮ್ಮ ಹುಡುಗಿ ಮಾಡುವ ಕೆಲಸಗಳನ್ನು ಬರೆದುಕೊಳ್ಳಿ. ಹತ್ತುತ್ತಾಳೆ, ಎಣಿಸುತ್ತಾಳೆ, ಬಿಚ್ಚಿ ಜೋಡಿಸುತ್ತಾಳೆ, ಹೀಗೆ ಬರೀ ಕ್ರಿಯಾಪದಗಳು. ಪಕ್ಕದಲ್ಲಿ ಅವಳನ್ನು ದೂರದಿಂದಲೇ ಗುರುತಿಸುವಂತೆ ಮಾಡುವ 5 ವಸ್ತುಗಳು: ಕೂದಲಿನ ಕತ್ತರಿಕೆ, ಮುಖ್ಯ ಬಣ್ಣ, ಚೀಲ, ಕಾಲಿಗೆ ತೊಡುವುದು, ಸಂಗಾತಿ. ಕ್ರಿಯಾಪದಗಳಲ್ಲಿ ಒಂದನ್ನೂ ಬಿಡಬೇಡಿ, ಕಷ್ಟ ಮಾತ್ರ ಹೆಚ್ಚಿಸಿ. ವಸ್ತುಗಳಲ್ಲಿ ಕನಿಷ್ಠ 3 ಉಳಿಯಲಿ. 2019ರ ಸಿನಿಮಾದಲ್ಲಿ ಡೋರಾ ಹೈಸ್ಕೂಲಿನ ಹದಿಹರೆಯದ ಹುಡುಗಿ, ಆದರೂ ಗುಲಾಬಿ ಅಂಗಿ, ಕಿತ್ತಳೆ ಚಡ್ಡಿ, ನೇರಳೆ ಬ್ಯಾಗು ಹಾಗೇ ಇದ್ದವು, ಕಾಡಿನ ಸಾಹಸವೂ ಇತ್ತು. ನೋಡಿದ ಕೂಡಲೇ ಅವಳೇ ಎಂದು ಗೊತ್ತಾಗುತ್ತಿತ್ತು.

ಅಳತೆಯಲ್ಲಿ ಎಡವುವವರೇ ಹೆಚ್ಚು. ಪುಟ್ಟ ಮಕ್ಕಳ ಕಾರ್ಟೂನ್ ಪಾತ್ರದ ಎತ್ತರ ಸಾಮಾನ್ಯವಾಗಿ ಎರಡೂವರೆಯಿಂದ 3 ತಲೆಯಷ್ಟು, ಅಂದರೆ ಅದರ ತಲೆಯ ಎತ್ತರದ ಎರಡೂವರೆಯಿಂದ 3 ಪಟ್ಟು. ನಿಜವಾದ 10 ವರ್ಷದ ಮಗು ಸುಮಾರು ಆರು–ಆರೂವರೆ ತಲೆ ಎತ್ತರ, ವಯಸ್ಕರು ಏಳು–ಏಳೂವರೆ. ನಿಜದ ಅಳತೆಗೆ ನೇರವಾಗಿ ಹಾರಿದರೆ ಕಾರ್ಟೂನ್ ಮುಖದೊಂದಿಗೆ ಅದು 16ರ ಹುಡುಗಿಯಂತೆ ಕಾಣುತ್ತದೆ. ನಾಲ್ಕೂವರೆಯಿಂದ 5 ತಲೆಗೆ ನಿಲ್ಲಿಸಿ. ಹೆಚ್ಚಿದ ಎತ್ತರವನ್ನೆಲ್ಲ ಕಾಲಿಗೇ ಕೊಡಬೇಡಿ, ಮುಂಡಕ್ಕೂ ಹಂಚಿ. ಆ ವಯಸ್ಸಿನಲ್ಲಿ ಎದೆ, ಸೊಂಟ, ಪೃಷ್ಠ ಹೆಚ್ಚುಕಡಿಮೆ ಒಂದೇ ಅಗಲ, ಆದ್ದರಿಂದ ಪಕ್ಕದ ಗೆರೆ ನೇರವಾಗಿ ಇಳಿಯಲಿ. ಕಣ್ಣಿನ ಸಾಲನ್ನು ಮುಖದ ಅರ್ಧಕ್ಕಿಂತ ಸ್ವಲ್ಪ ಕೆಳಗೇ ಇಡಿ, ಮಧ್ಯಕ್ಕೆ ಏರಿಸಿದರೆ ದೊಡ್ಡವರ ಮುಖವಾಗುತ್ತದೆ. ರೆಪ್ಪೆಗೂದಲು ದಪ್ಪ ಮಾಡುವುದು, ತುಟಿಗೆ ಬೇರೆ ಬಣ್ಣ ತುಂಬುವುದು ಬೇಡ. ಈ ಎರಡರಲ್ಲೇ ವಯಸ್ಸು ತಟ್ಟನೆ ಏರುತ್ತದೆ.

ಚಿತ್ರ ಮುಗಿದ ಮೇಲೆ ಪೂರ್ತಿ ಕಪ್ಪು ತುಂಬಿ, ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ, ಯೋಜನೆಗೆ ಸಂಬಂಧವಿಲ್ಲದ 10–12 ಪೋಷಕರಿಗೆ ಒಬ್ಬೊಬ್ಬರಿಗೇ ತೋರಿಸಿ. ಹೆಸರು ಹೇಳಬೇಡಿ. ಎರಡೇ ಪ್ರಶ್ನೆ ಕೇಳಿ: ವಯಸ್ಸೆಷ್ಟು, ಏನು ಮಾಡುತ್ತಿದ್ದಾಳೆ? ಇಬ್ಬರಿಗಿಂತ ಹೆಚ್ಚು ಜನ 12ಕ್ಕಿಂತ ಮೇಲಿನ ವಯಸ್ಸು ಹೇಳಿದರೆ ಅಳತೆ ತಪ್ಪಿದೆ. ‘ಸುಮ್ಮನೆ ನಿಂತಿದ್ದಾಳೆ’ ಎಂಬ ಉತ್ತರ ಬಂದರೆ ಭಂಗಿ ತಪ್ಪಿದೆ, ನಿಲ್ಲಿಸಿದ್ದನ್ನು ಓಡಿಸಿ. ಉದ್ದ ಅಂಗಿ–ಲೆಗ್ಗಿಂಗ್ಸ್ ಇದ್ದರೆ ಕಾಲಿನ ಬಳಿ ನೆರಿಗೆಯನ್ನೋ ಮಡಿಕೆಯನ್ನೋ ಹೊರಗೆರೆಯಲ್ಲೇ ತನ್ನಿ, ಕಪ್ಪಿನಲ್ಲೂ ಬಟ್ಟೆ ಬಟ್ಟೆಯಾಗಿಯೇ ಕಾಣಬೇಕು. ಈ ಪರೀಕ್ಷೆ ನಿಮ್ಮ ಮೇಜಿನೊಳಗಿನದು. ಹೊರಗೆ ಮಾತ್ರ ಛಾಯಾಕೃತಿ ಕೊಡಲೇಬೇಡಿ.

ಬಿಡುಗಡೆಯ ದಿನ ಮೊದಲ ವಾಕ್ಯದಲ್ಲೇ ಪುಟ್ಟ ಹುಡುಗಿ ಎಲ್ಲೂ ಹೋಗುವುದಿಲ್ಲ ಎಂದು ಹೇಳಿ, ಇಬ್ಬರನ್ನೂ ಒಂದೇ ಚಿತ್ರದಲ್ಲಿ ಬಣ್ಣದಲ್ಲಿ ತೋರಿಸಿ. 2009ರಲ್ಲೂ ಹಳೆಯ ಡೋರಾ ಟಿವಿಯಲ್ಲಿ ಹಾಗೇ ಮುಂದುವರಿದಳು. ಆದರೂ ಅನೇಕ ಪೋಷಕರು ಅವಳನ್ನೇ ಅಳಿಸುತ್ತಿದ್ದಾರೆಂದು ನಂಬಿದ್ದರು. ಇಷ್ಟೆಲ್ಲ ಮಾಡಿಯೂ ಆಕ್ಷೇಪ ಬಂದರೆ ‘ನೀವು ತಪ್ಪು ತಿಳಿದಿರಿ’ ಎಂದು ಉತ್ತರಿಸಬೇಡಿ. ಅವರು ಯಾವ ಗೆರೆಯನ್ನು ನೋಡಿ ಹಾಗೆಂದರು ಎಂದು ಕೇಳಿ ಬರೆದುಕೊಳ್ಳಿ. ಮುದ್ರಣಕ್ಕೋ ಅಚ್ಚಿಗೋ ಹೋಗುವ ಮುಂಚೆ ಆ ಗೆರೆ ತಿದ್ದಲು ಕನಿಷ್ಠ ಎರಡು ವಾರ ಬಿಟ್ಟುಕೊಂಡೇ ಪ್ರಕಟಣೆಯ ದಿನ ಗೊತ್ತುಮಾಡಿ.